ಕುಷ್ಟಣ್ಣ ಬಿಟ್ಟ ಜಾಗ

ಜೂನ್ 3, ಮಂಗಳವಾರ

ಬೋಟುಗಳೆಲ್ಲ ದಡ ಸೇರಿ ಮೂರು ದಿನವಾಯಿತು. ಮಳೆಗಾಲದ ಮೀನುಗಾರಿಕೆ ನಿಷೇಧ, ಇನ್ನು ಎರಡು ತಿಂಗಳು ಕಡಲಿಗೆ ಇಳಿಯುವಂತಿಲ್ಲ. ಐಸ್ ಪ್ಲಾಂಟಿನವರು ವರ್ಷದ ಮೊದಲಿಗೆ ಭಾವನಿಗೆ ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಅಕ್ಕ ಅದರ ನಾಲ್ಕು ಹಾಳೆ ಹರಿದು ಒಲೆ ಹೊತ್ತಿಸಿದ್ದಳು. ಉಳಿದದ್ದನ್ನು ನಾನು ಕೇಳಿ ತಂದೆ. ಯಾರಿಗೂ ತೋರಿಸಲಿಕ್ಕಲ್ಲ. ಬಾಯಲ್ಲಿ ಬಾರದ್ದು ನನಗೆ ಕೈಯಲ್ಲಿ ಬರುತ್ತದೆ, ಅಷ್ಟೇ.

ಇವತ್ತು ಅಶೋಕ್ ಭಾವ ಕೇಳಿಯೇ ಬಿಟ್ಟರು. ಆಗಸ್ಟಿನಲ್ಲಿ ಬೋಟು ಇಳಿಯುವಾಗ ನಾನು ಬರುತ್ತೇನಾ, ಇಲ್ಲ ಅಡುಗೆಗೆ ಬೇರೆಯವರನ್ನು ನೋಡಬೇಕಾ ಎಂದು. ಭಾವ ಆ ಬೋಟಿನ ತಾಂಡೇಲ; ನೀರಿಗಿಳಿದ ಮೇಲೆ ಅವರದೇ ಮಾತು. ಎರಡು ವರ್ಷ ಅದರಲ್ಲಿ ನಾನು ಅಡುಗೆ ಮಾಡಿದ್ದೇನೆ. ಒಮ್ಮೆ ಹೋದರೆ ಹತ್ತು ದಿನ. ಮೊದಲ ಮೂರು ದಿನ ವಾಂತಿ, ಉಳಿದ ಏಳು ದಿನ ವಾಂತಿ ಬಂದೀತೆಂಬ ಹೆದರಿಕೆ. ಅದನ್ನಾದರೂ ತಡೆದುಕೊಳ್ಳಬಹುದು. ಅಲ್ಲಿ ಒಂದಕ್ಷರ ಬರೆಯಲಾಗುವುದಿಲ್ಲ, ಅದನ್ನು ತಡೆದುಕೊಳ್ಳಲಾಗುವುದಿಲ್ಲ.

ಭಾವನ ಎದುರು ನಿಂತು ಹೇಳಲಾಗದೆ ಅಕ್ಕನ ಹತ್ತಿರ ಹೇಳಿಸಿದೆ. ಈ ಎರಡು ತಿಂಗಳು ನೋಡುತ್ತೇನೆ. ಬರೆದು ನಾಲ್ಕು ಕಾಸು ಆಗುತ್ತದೆ ಎಂದು ಕಂಡರೆ ದಡದಲ್ಲೇ ಇರುತ್ತೇನೆ. ಇಲ್ಲದಿದ್ದರೆ ಬೋಟಿಗೆ ಬರುತ್ತೇನೆ, ಮತ್ತೆ ಈ ಮಾತೇ ಎತ್ತುವುದಿಲ್ಲ. ಭಾವ ಹೊಲಿಯುತ್ತಿದ್ದ ಬಲೆಯಿಂದ ಕಣ್ಣು ತೆಗೆಯಲಿಲ್ಲ. "ಜುಲೈ ಕಡಿಗೆ ಹೇಳ್. ಅಲ್ಲಿ ತನಕ ನಿನ್ ಜಾಗ ಯಾರಿಗೂ ಕೊಡುದಿಲ್ಲೆ" ಎಂದರು.

ಬರೆಯುವುದೆಂದರೆ ನನ್ನದು ಸನ್ಮಾನ ಪತ್ರ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಅದು ಹೇಗೆ ಅಂಟಿತೋ. ಎರಡು ವರ್ಷದ ಹಿಂದೆ, ಯುವಕ ಮಂಡಲಕ್ಕೆ ಪತ್ರ ಬರೆದುಕೊಡುತ್ತಿದ್ದ ಮಾಸ್ಟ್ರು ಜ್ವರ ಬಂದು ಮಲಗಿದಾಗ, ಐಸ್ ಬಿಲ್ಲಿನ ಹಿಂದೆ ಹನ್ನೆರಡು ಸಾಲು ಬರೆದುಕೊಟ್ಟಿದ್ದೆ. ಅದನ್ನು ಓದುವಾಗ ಸನ್ಮಾನವಾದವರ ಮಗಳು ಅತ್ತುಬಿಟ್ಟಳು. ಅಂದಿನಿಂದ ತ್ರಾಸಿಯಿಂದಲೂ ಜನ ಬರುತ್ತಾರೆ, ಶಿರೂರಿನಿಂದಲೂ ಬರುತ್ತಾರೆ. ಮೂವತ್ತೇಳು ಪತ್ರ ಆಯಿತು. ಒಂದು ಸಲ ಎರಡು ಊಟದ ಕೂಪನ್ ಕೊಟ್ಟಿದ್ದರು. ಅಮ್ಮನನ್ನು ಕರೆದುಕೊಂಡು ಹೋಗಿದ್ದೆ.

ಜೂನ್ 6, ಶುಕ್ರವಾರ

ಪ್ರೇಮಾನಂದಣ್ಣ ಮನೆಗೇ ಬಂದರು. ಕುಂದಾಪುರದಲ್ಲಿ ಅವರದು ಟೈಲ್ಸ್ ಅಂಗಡಿ. 'ಅಳಿವೆ ಬಳಗ' ಎಂಬ ಸಂಘಕ್ಕೆ ಅವರೇ ಅಧ್ಯಕ್ಷರು. ನೀರಿಳಿಯುವ ಕೊಡೆಯನ್ನು ಜಗಲಿಯ ಹೊರಗೇ ಇಟ್ಟು, ಮೊದಲು ಅಮ್ಮನ ಮಂಡಿನೋವು ಹೇಗಿದೆ ಎಂದು ವಿಚಾರಿಸಿದರು. ಒಳ್ಳೆಯ ಜನ.

ಆಸಾಡಿ ಅಮಾಸೆಗೆ ಬಳಗದವರು ಕುಂದಾಪ್ರ ಕನ್ನಡದ ಹಬ್ಬ ಮಾಡುತ್ತಾರಂತೆ. ಅಮಾಸೆ ಗುರುವಾರ ಬಿದ್ದದ್ದರಿಂದ ಅದರ ನಂತರದ ಭಾನುವಾರ, ಜುಲೈ ಇಪ್ಪತ್ತೇಳಕ್ಕೆ ಕಾರ್ಯಕ್ರಮ. ಎಂಟು ಮಂದಿಗೆ ಸನ್ಮಾನ. ಎಂಟೂ ಪತ್ರ ನಾನೇ ಬರೆಯಬೇಕು. ಕಂಪ್ಯೂಟರಿನ ಅಕ್ಷರ ಎಲ್ಲ ಕಡೆ ಆಗಿಹೋಯಿತು, ದಪ್ಪ ಹಾಳೆಯ ಮೇಲೆ ಬಣ್ಣದಲ್ಲಿ ಕೈಯಿಂದ ಬರೆದದ್ದೇ ಬೇಕು ಎಂದರು. ಅದಕ್ಕೆ ಒಳ್ಳೆಯ ಅಕ್ಷರದವರನ್ನು ಹುಡುಕುವ ಕೆಲಸವೂ ನನ್ನದೇ.

ಎಷ್ಟು ಕೊಡುತ್ತೀರಿ ಎಂಬ ಮಾತು ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ಅವರು, "ನಿನ್ ಬಿಟ್ರೆ ಯಾರ್ ಇದ್ರ್ ಮರಾಯ ನಮ್ಗೆ" ಎಂದು ಬೆನ್ನು ತಟ್ಟಿದರು. ಮಾತು ಕೆಳಗಿಳಿಯಿತು.

ಜೂನ್ 10, ಮಂಗಳವಾರ

ಬಾವಿಕಟ್ಟೆಯ ಹತ್ತಿರ ನಿಂತು ಅಭ್ಯಾಸ ಮಾಡಿದೆ. "ಪ್ರೇಮಾನಂದಣ್ಣ, ನನ್ನದು ಎಷ್ಟು ಅಂತ ಹೇಳಿಬಿಡಿ." ಒರಟಾಯಿತು. "ಏನಾದರೂ ಕೊಟ್ಟರೆ ಉಪಕಾರವಾಗುತ್ತಿತ್ತು." ಭಿಕ್ಷೆಯ ಹಾಗಾಯಿತು. ಇವೆರಡರ ನಡುವೆ ಒಂದು ಮಾತು ಇರಲೇಬೇಕು. ಮೂವತ್ತೇಳು ಜನರ ಬಾಳನ್ನು ಹನ್ನೆರಡು ಹನ್ನೆರಡು ಸಾಲಿಗೆ ತಂದವನಿಗೆ ಆ ಒಂದು ಸಾಲು ಸಿಗಲಿಲ್ಲ.

ಅಮ್ಮ ಹಿತ್ತಿಲಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಮಳೆಗಾಲದಲ್ಲಿ ಒಣಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುವವಳು ಅವಳು. "ಕೇಂಡ್ ತಕೋ ಮಾಣಿ. ನಾನ್ ಮೀನಿಗ್ ದುಡ್ಡ್ ಕೇಂತಿಲ್ಯಾ?" ಎಂದಳು.

ಮೀನು ಬೇರೆ. ಮೀನಿಗೆ ಡೀಸೆಲ್ ಉರಿದಿರುತ್ತದೆ, ಐಸು ಬಿದ್ದಿರುತ್ತದೆ. ನನ್ನದು ಬರೀ ಮಾತು.

ಮಧ್ಯಾಹ್ನ ಅವರ ಅಂಗಡಿಗೆ ಹೋದೆ. ಚಾ ಕುಡಿಸಿದರು. ಕುಡಿದು ಬಂದೆ.

ಜೂನ್ 14, ಶನಿವಾರ

ಕುಷ್ಟಣ್ಣನ ಮನೆಗೆ ಹೋಗಿದ್ದೆ. ಗಂಗೊಳ್ಳಿಯ ಬೋಟುಗಳ ಮೂತಿಯ ಮೇಲೆ ಬರೆದ ಹಳೆಯ ಹೆಸರುಗಳೆಲ್ಲ ಅವರ ಕೈಯವು. ಈಗ ಎಲ್ಲರೂ ಸ್ಟಿಕ್ಕರ್ ಅಂಟಿಸುತ್ತಾರೆ. ಅಶೋಕ್ ಭಾವನಂಥ ಒಬ್ಬಿಬ್ಬರು ಮಾತ್ರ ಬೋಟು ಇಳಿಸುವ ಮೊದಲು ಇವರನ್ನು ಕರೆದು ಹೆಸರಿಗೆ ಹೊಸ ಬಣ್ಣ ಕೊಡಿಸುತ್ತಾರೆ. ಎಪ್ಪತ್ತರ ಹತ್ತಿರ ವಯಸ್ಸು. ಚಾ ಲೋಟ ಹಿಡಿದರೆ ಕೈ ನಡುಗುತ್ತದೆ, ಕುಂಚ ಹಿಡಿದರೆ ನಡುಗುವುದಿಲ್ಲ.

ನಾನು ವಿಷಯ ಹೇಳಿ ಮುಗಿಸಿರಲೂ ಇಲ್ಲ. "ಹಾಳಿಗೆ ಐನೂರ್. ಅರ್ಧ ಮೊದ್ಲ್. ಬಣ್ಣ ನಂದೇ" ಎಂದರು. ಕುಡಿಯಲು ನೀರು ಕೇಳಿದಷ್ಟು ಸಲೀಸಾಗಿ. ನನಗೆ ಮೈ ಜುಮ್ಮೆಂದಿತು. ಅವರು ನನ್ನ ಮುಖ ನೋಡಿ ಏನೆಂದುಕೊಂಡರೋ, ಹೆಂಡತಿ ವನಜಕ್ಕನಿಗೆ ಚಾ ಮಾಡಲು ಹೇಳಿದರು.

ವನಜಕ್ಕ ಚಾ ತಂದು ಒಂದು ಕಥೆ ಹೇಳಿದರು. ನಮ್ಮ ಕಡೆ ಬೋಟಿಗೆಲ್ಲ ದೇವರ ಹೆಸರೇ ಅಲ್ಲವೇ. ಒಬ್ಬ ಮಾಲೀಕ, ದೇವರ ಹೆಸರು ಬರೆಯಲಿಕ್ಕೂ ದುಡ್ಡು ಕೇಳುತ್ತೀಯಾ ಎಂದು ಹಂಗಿಸಿದನಂತೆ. ಹಾಗಾದರೆ ಉಳಿದದ್ದನ್ನು ದೇವರ ಹತ್ತಿರವೇ ಬರೆಸಿಕೊಳ್ಳಿ ಎಂದು ಕುಷ್ಟಣ್ಣ ಡಬ್ಬಿ ಮುಚ್ಚಿ ಬಂದರಂತೆ. ಆ ಬೋಟು ಒಂದು ತಿಂಗಳು ಬರೀ 'ಶ್ರೀ ಮಹಾ' ಎಂದು ಕಡಲಿಗೆ ಹೋಗಿ ಬಂತಂತೆ. ಹೇಳುತ್ತಾ ಹೇಳುತ್ತಾ ವನಜಕ್ಕನಿಗೆ ನಗು ತಡೆಯಲಿಲ್ಲ, ನನಗೂ ಇಲ್ಲ.

ಅವರ ಹಾಗೆ ಒಂದು ಸಲ ಕೇಳಬೇಕು. ಜೀವಮಾನದಲ್ಲಿ ಒಂದೇ ಸಲ ಸಾಕು. ಅರ್ಧ ದುಡ್ಡನ್ನು ವಾರದೊಳಗೆ ಬಳಗದಿಂದ ತಂದುಕೊಡುತ್ತೇನೆ ಎಂದು ಮಾತು ಕೊಟ್ಟೆ. ತೀರಿಹೋದ ಅಪ್ಪಯ್ಯನ ಮೇಲಿನ ವಿಶ್ವಾಸಕ್ಕೆ ಒಪ್ಪಿದರು.

ಜೂನ್ 22, ಭಾನುವಾರ

ಸನ್ಮಾನ ಆಗುವವರನ್ನು ಕಂಡು ಮಾತಾಡಿಸಿ ಬರುತ್ತಿದ್ದೇನೆ. ಬಸ್ಸಿನ ದುಡ್ಡು ಅಮ್ಮನದು. ಮೊನ್ನೆ ಅಮಾಸೆಬೈಲು, ಇವತ್ತು ಕೋಟ. ಕೋಟದ ಗೋಮತಿಯಮ್ಮ ನಲವತ್ತು ವರ್ಷದಿಂದ ದೇವಸ್ಥಾನಕ್ಕೆ ಹೂ ಕಟ್ಟುತ್ತಿದ್ದಾರೆ. ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳಿದರೆ, "ನನ್ ಸೊಂಟ ನೋವ್ ಬರಿ" ಎಂದರು. ತಮಾಷೆಯಲ್ಲ, ನಿಜವಾಗಿಯೇ ಹೇಳಿದ್ದು.

ಬಸ್ಸಿನಲ್ಲಿ ಬರುವಾಗ ಸಾಲು ತಾನಾಗಿ ಬಂತು. 'ಇವರು ಕಟ್ಟಿದ ಹೂವು ಸಂಜೆಗೆ ಬಾಡಿದೆ; ಇವರು ಮಾತ್ರ ಮರುದಿನ ಬೆಳಗಿಗೆ ಮತ್ತೆ ಬಂದಿದ್ದಾರೆ, ನೆಟ್ಟಗೆ ನಿಲ್ಲಲಾಗದ ಸೊಂಟವನ್ನೂ ಕರೆದುಕೊಂಡು.' ಇಂಥ ಒಂದು ಸಾಲು ಬಂದ ದಿನ ಊಟ ಬೇಡ. ಇದನ್ನು ಬೋಟಿನ ಹೊಗೆಯಲ್ಲಿ ಕೂತು ಬರೆಯಲಾಗುತ್ತಿತ್ತೇ? ನಾನು ದಡದಲ್ಲೇ ಇರಬೇಕು. ಹೇಗಾದರೂ ಮಾಡಿ ಇರಬೇಕು.

ಜೂನ್ 30, ಸೋಮವಾರ

ಮಳೆ. ಕೊಟ್ಟ ಮಾತಿನ ವಾರ ಕಳೆದು ಇನ್ನೊಂದು ವಾರವೂ ಆಯಿತು. ಕೇಳಲಿಲ್ಲ.

ಜುಲೈ 4, ಶುಕ್ರವಾರ

ಕೇಳಿದೆ.

ಅಂಗಡಿಯಲ್ಲಿ ಗಿರಾಕಿಗಳು ಕಡಿಮೆಯಾಗುವವರೆಗೆ ಬಚ್ಚಲುಮನೆಯ ಟೈಲ್ಸ್ ನೋಡುವವನ ಹಾಗೆ ನಿಂತಿದ್ದೆ. ಆಮೇಲೆ, ಕುಷ್ಟಣ್ಣನಿಗೆ ಅರ್ಧ ದುಡ್ಡು ಮೊದಲೇ ಕೊಡಬೇಕಿತ್ತು ಎಂದೆ. ನನ್ನದರ ಸುದ್ದಿ ಎತ್ತಲಿಲ್ಲ. ಅವರದು ಹೊರಟರೆ ಅದರ ಬಾಲ ಹಿಡಿದು ನನ್ನದೂ ಹೊರಟೀತು ಎಂದುಕೊಂಡಿದ್ದೆ.

ಪ್ರೇಮಾನಂದಣ್ಣ ಸಿಟ್ಟಾಗಲಿಲ್ಲ. ಕುರ್ಚಿ ಎಳೆದು ಕೂರಿಸಿ ಖರ್ಚಿನ ಪಟ್ಟಿ ತೋರಿಸಿದರು. ಸಭಾಭವನ, ಮೈಕು, ಊಟ, ಶಾಲು, ಹಣ್ಣಿನ ಬುಟ್ಟಿ, ಫ್ರೇಮು, ಫೋಟೋದವನು. ಪ್ರತಿಯೊಂದರ ಎದುರೂ ಒಂದು ಮೊತ್ತ ಇತ್ತು. ಪತ್ರ ಎಂಬ ಪದ ಮಾತ್ರ ಆ ಪಟ್ಟಿಯಲ್ಲೇ ಇರಲಿಲ್ಲ. "ಕೇಣ್ ಮರಾಯ, ನಾನ್ ಅಧ್ಯಕ್ಷ. ನಂಗೆ ಎಂತ ಸಿಕ್ಕತ್ತ್? ಕೈಯಿಂದ ಹೋಪುದೇ. ಕಲೆ ಅಂದ್ರೆ ಹಾಂಗೆ. ನಿಂಗೆ ಹೆಸ್ರ್ ಬತ್ತ್ ಅಲ್ದಾ?" ಎಂದರು. ಅವರು ಸುಳ್ಳು ಹೇಳುವವರಲ್ಲ. ಕಳೆದ ವರ್ಷ ಊಟದ ದುಡ್ಡು ಕಡಿಮೆ ಬಿದ್ದು ತಾವೇ ಹಾಕಿದ್ದು ನನಗೂ ಗೊತ್ತು. ಆಮಂತ್ರಣದಲ್ಲಿ ನನ್ನ ಹೆಸರು ಹಾಕಿಸುತ್ತಾರಂತೆ. ನಾನು ಆಗಲಿ ಎಂದು ಎದ್ದು ಬಂದೆ. ಬರುವಾಗ ಕಾಲು ಟೈಲ್ಸಿನ ರಾಶಿಗೆ ತಾಗಿತು, ಅದಕ್ಕೂ ನಾನೇ ಕ್ಷಮಿಸಿ ಎಂದೆ.

ಆಡಬೇಕಿದ್ದ ಮಾತು ಬಸ್ಸು ಹತ್ತಿದ ಮೇಲೆ ಬಂತು. ಫೋಟೋದವನು ಕಲೆಗೆಂದು ಬರುವುದಿಲ್ಲ. ಶಾಲಿನ ಅಂಗಡಿಯವನು ಹೆಸರು ಹಾಕಿದರೆ ಸಾಕು ಎಂದು ಶಾಲು ಕೊಡುವುದಿಲ್ಲ. ಮೈಕಿನವನಿಗೆ ದುಡ್ಡು ಉಂಟು, ಆ ಮೈಕಿನಲ್ಲಿ ಓದುವ ಮಾತಿಗೆ ಇಲ್ಲ. ಮಾತು ಎಲ್ಲರ ಬಾಯಲ್ಲೂ ಇರುವುದರಿಂದ ಅದು ಬಿಟ್ಟಿ ಎಂದು ಜನ ತಿಳಿದಿದ್ದಾರೆ. ಹಾಗಾದರೆ ಅವರೇ ಬರೆದುಕೊಳ್ಳಲಿ. ಗೋಮತಿಯಮ್ಮನ ಸೊಂಟದ ಮೇಲೆ ಒಂದು ಸಾಲು ಬರೆಯಲಿ ನೋಡುವಾ.

ಇಷ್ಟೆಲ್ಲ ಈ ಡೈರಿಗೆ ಹೇಳಿ ಏನು ಬಂತು?

ಜುಲೈ 9, ಬುಧವಾರ

ಕುಷ್ಟಣ್ಣ ಅಮ್ಮನ ಹತ್ತಿರ ಹೇಳಿ ಕಳಿಸಿದ್ದಾರೆ, ಐದು ಹಾಳೆ ಮುಗಿಯಿತು, ಅರ್ಧದ ಸುದ್ದಿ ಏನಾಯಿತು ಎಂದು. ಈಗ ಪೇಟೆಗೆ ಹೋಗುವಾಗ ಅವರ ಮನೆಯ ಓಣಿ ಬಿಟ್ಟು ಐಸ್ ಪ್ಲಾಂಟಿನ ಹಿಂದಿನಿಂದ ಸುತ್ತಿ ಹೋಗುತ್ತೇನೆ. ಹತ್ತು ನಿಮಿಷ ಹೆಚ್ಚು ನಡೆಯಬೇಕು. ಕೆಸರು.

ಜುಲೈ 12, ಶನಿವಾರ

ದಾರಿ ಕಂಡಿತು. ಯಾರಿಗೂ ನಷ್ಟವಿಲ್ಲದ ದಾರಿ. ಕುಷ್ಟಣ್ಣನಿಗೂ ಸನ್ಮಾನ ಮಾಡಿದರೆ ಹೇಗೆ? ಐವತ್ತು ವರ್ಷ ಬೋಟುಗಳಿಗೆ ಹೆಸರು ಬರೆದವರು, ಅವರಿಗಿಂತ ಯೋಗ್ಯರು ಯಾರಿದ್ದಾರೆ? ಒಮ್ಮೆ ಸನ್ಮಾನ ಮಾಡಿದವರ ಹತ್ತಿರ ಮತ್ತೆ ಕೂಲಿ ಕೇಳುವುದು ಅವರಿಗೂ ಸರಿ ಕಾಣಲಿಕ್ಕಿಲ್ಲ.

ಪ್ರೇಮಾನಂದಣ್ಣನಿಗೆ ಹೇಳಿದೆ. ಅವರು ಎದ್ದು ನಿಂತು ನನ್ನ ಕೈ ಹಿಡಿದರು. ಎಂಟು ಇದ್ದದ್ದು ಒಂಬತ್ತಾಯಿತು. ಇಷ್ಟು ಚಂದದ ಉಪಾಯ ಸಂಘದ ಯಾರ ತಲೆಗೂ ಹೊಳೆದಿರಲಿಲ್ಲ ಎಂದರು. ಸಂಜೆ ತುಂಬಾ ದಿನಗಳ ಮೇಲೆ ಹೊಟ್ಟೆ ತುಂಬಾ ಉಂಡೆ.

ಜುಲೈ 15, ಮಂಗಳವಾರ

ಕುಷ್ಟಣ್ಣನಿಗೆ ತಿಳಿಸಿದೆ. ಅವರಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಕುಂಚ ತೊಳೆಯುತ್ತಿದ್ದವರು ತೊಳೆಯುತ್ತ ಹೋದರು. ಹಾಗಾದರೆ ಕೂಲಿ ಏನಾಯಿತು ಎಂದು ಕೇಳಿದರು. ಅದೂ ಬರುತ್ತದೆ, ಕಾರ್ಯಕ್ರಮ ಮುಗಿದ ಮೇಲೆ ಎಂದೆ. ಹೇಳಬೇಕೆಂದು ಹೋಗಿರಲಿಲ್ಲ, ಬಾಯಿಂದ ತಾನಾಗಿ ಬಂತು.

ಒಳಗಿನಿಂದ ವನಜಕ್ಕ ಬಂದು ಬಾಗಿಲಲ್ಲಿ ನಿಂತರು. ಗಂಡನನ್ನು ಜನ ಕುರ್ಚಿಯ ಮೇಲೆ ಕೂರಿಸಿದ್ದನ್ನು ಅವರು ಕಂಡದ್ದೇ ಇಲ್ಲವಂತೆ, ಏಣಿಯ ಮೇಲೆ ನಿಂತದ್ದನ್ನೇ ಕಂಡದ್ದು. ಒಂದು ಸಲ ಆಗಲಿ ಎಂದರು. ಕುಷ್ಟಣ್ಣ ಕುಂಚ ಒರೆಸಿ ಇಟ್ಟು ನನ್ನ ಕಡೆ ತಿರುಗಿದರು.

"ಇವಳಿಗೆ ಕಾಣ್ಕ್ ಅಂಬ ಆಸಿ, ಅದಕ್ಕೆ ಬತ್ತೆ. ಆರೆ ಒಂದ್ ಮಾತ್. ನನ್ ಪತ್ರದೊಳ್ಗೆ ನಿಸ್ವಾರ್ಥ ಅಂದೇಳಿ ಬರಿಬೇಡ. ನಾನ್ ಪ್ರತೀ ಸಲ ಕೂಲಿ ಕೇಂಡಿದ್ದೆ. ಕೊಡ್ದೆ ಇದ್ದದ್ ಅವ್ರ್."

ಬರೆಯುವುದಿಲ್ಲ ಎಂದೆ. ಅವರಿಗೆ ಅಷ್ಟು ಸಾಲದೆ, ಅಪ್ಪಯ್ಯನ ಆಣೆ ಹಾಕಿಸಿದರು.

ಜುಲೈ 19, ಶನಿವಾರ

ಕುಷ್ಟಣ್ಣನ ಪತ್ರವನ್ನು ಪ್ರೇಮಾನಂದಣ್ಣ ಎರಡು ಸಲ ಓದಿದರು. ನಿಸ್ವಾರ್ಥ ಎಲ್ಲಿ ಎಂದರು. ಉಳಿದ ಎಂಟರಲ್ಲೂ ಇದೆಯಂತೆ. ಕರಡು ತೆಗೆದು ನೋಡಿದೆ, ಹೌದು, ಎಂಟರಲ್ಲೂ ನಾನೇ ಬರೆದಿದ್ದೇನೆ. ಬರೆದದ್ದು ನನಗೇ ನೆನಪಿಲ್ಲ. ಆ ಪದವಿಲ್ಲದ ಸನ್ಮಾನ ಪತ್ರ ಉಪ್ಪಿಲ್ಲದ ಗಂಜಿಯ ಹಾಗೆ ಎಂದರು. ಒಬ್ಬರಿಗೆ ಮಾತ್ರ ಬಿಟ್ಟರೆ ದಾನಿಗಳು ಕೇಳುತ್ತಾರೆ, ಇವರು ಮಾಡಿದ್ದು ದುಡ್ಡಿಗಾಗಿಯಾ ಎಂದು. ಕುಷ್ಟಣ್ಣ ಬೇಡ ಎಂದಿದ್ದಾರೆ ಎಂದೆ. ಅದು ದೊಡ್ಡವರ ಸಂಕೋಚ, ನಾವು ಬಿಡಬಾರದು ಎಂದು ನಕ್ಕರು.

ಆಮೇಲೆ ಇನ್ನೊಂದು ವಿಷಯ ಹೇಳಿದರು. ನವರಾತ್ರಿಯಿಂದ ಮೇ ತಿಂಗಳವರೆಗೆ ಬಳಗದ್ದೂ, ಬೈಂದೂರು ಬ್ರಹ್ಮಾವರ ಕಡೆಯ ಇನ್ನಷ್ಟು ಸಂಘಗಳದ್ದೂ ಪತ್ರದ ಕೆಲಸವನ್ನು ಒಟ್ಟಾಗಿ ನನಗೇ ಕೊಡಿಸಬೇಕೆಂದು ಅವರ ಮನಸ್ಸಿನಲ್ಲಿದೆಯಂತೆ. ಒಂದೊಂದು ಕಾರ್ಯಕ್ರಮಕ್ಕೂ ಇಷ್ಟು ಎಂದು ದುಡ್ಡು. ಅಕ್ಷರದವರ ಖರ್ಚನ್ನು ಅದರಲ್ಲಿ ನಾನೇ ನೋಡಿಕೊಳ್ಳಬೇಕು. ಈ ಕಾರ್ಯಕ್ರಮ ಚಂದ ಕಳೆಯಲಿ, ಮಾತಾಡುವ ಎಂದರು.

ಹಾಗಾದರೆ ಬೋಟಿಗೆ ಹೋಗಬೇಕಾಗಿಲ್ಲ.

ಒಂದೇ ಪದ. ಕೇಳಿದವರು ಊಟಕ್ಕೆ ಏಳುವಷ್ಟರಲ್ಲಿ ಮರೆಯುತ್ತಾರೆ. ಅಲ್ಲೇ ಅವರ ಮೇಜಿನ ಮೇಲಿಟ್ಟು ಸೇರಿಸಿದೆ. ಕುಷ್ಟಣ್ಣ ಮನೆಯಲ್ಲಿಲ್ಲದ ಹೊತ್ತು ನೋಡಿ ಹಾಳೆಯನ್ನು ವನಜಕ್ಕನ ಕೈಗೆ ಕೊಟ್ಟು ಬಂದೆ. ಅವರಿಗೆ ಓದಲು ಬಾರದು. ಹಾಳೆಯನ್ನು ದೇವರ ಪಟದ ಹತ್ತಿರ ಇಟ್ಟರು.

ಜುಲೈ 25, ಶುಕ್ರವಾರ

ಒಂಬತ್ತೂ ಹಾಳೆ ಬಂತು, ಹಳೆಯ ಲುಂಗಿಯಲ್ಲಿ ಸುತ್ತಿ. ಕಡುನೀಲಿ ಅಕ್ಷರ, ಅಂಚಿಗೆ ಸಣ್ಣ ಸಣ್ಣ ಅಲೆ. ಒಂದೊಂದು ಅಕ್ಷರವೂ ಹುಟ್ಟು ಹಾಕಿಕೊಂಡು ಹೊರಟ ದೋಣಿಯ ಹಾಗೆ. ಎಂಟು ಪತ್ರದಲ್ಲಿ ನಾನು ಬರೆದದ್ದು ಬರೆದ ಹಾಗೇ ಇದೆ.

ಅವರದೇ ಪತ್ರದಲ್ಲಿ, 'ಐವತ್ತು ವರ್ಷಗಳ' ಎಂದಾದ ಮೇಲೆ ಮೂರು ಬೆರಳಿನಷ್ಟು ಜಾಗ ಖಾಲಿ. ಆಮೇಲೆ 'ಸೇವೆಯಿಂದ ನಮ್ಮ ಕಡಲಿನ ಬೋಟುಗಳಿಗೆ ಹೆಸರಿತ್ತ' ಎಂದು ಮುಂದುವರಿದಿದೆ. ಮರೆತದ್ದಲ್ಲ. ಆ ಪದ ಎಷ್ಟು ಹಿಡಿಯುತ್ತದೋ ಅಷ್ಟೇ ಜಾಗ ಅಳೆದು ಬಿಟ್ಟಿದ್ದಾರೆ.

ಪ್ರೇಮಾನಂದಣ್ಣ ಬೇರೆ ಯಾರಿಂದಲಾದರೂ ತುಂಬಿಸು ಎಂದರು. ಆ ಅಕ್ಷರದ ಪಕ್ಕದಲ್ಲಿ ಯಾರು ಬರೆದರೂ ಗುರುತು ಸಿಗುತ್ತದೆ. ಫ್ರೇಮಿನವನಿಗೆ ಇವತ್ತೇ ಕೊಡಬೇಕು. ದೂರದಿಂದ ಯಾರಿಗೂ ಕಾಣುವುದಿಲ್ಲ ಬಿಡಿ ಎಂದೆ. ನನಗೆ ಮಾತ್ರ ಸಿಟ್ಟು ಬಂದಿದೆ. ಇಷ್ಟು ಓಡಾಡಿ ಅವರಿಗೊಂದು ಗೌರವ ಕೊಡಿಸಿದರೆ ಅದಕ್ಕೂ ಹಟವೇ?

ಜುಲೈ 27, ಭಾನುವಾರ

ಕಾರ್ಯಕ್ರಮ ಚಂದ ಕಳೆಯಿತು. ಇಂಥ ಮಳೆಯಲ್ಲೂ ಸಭಾಭವನ ತುಂಬಿತ್ತು. ಕೆಸುವಿನ ಪತ್ರೊಡೆ ಎರಡನೇ ಪಂಕ್ತಿಗೇ ಖಾಲಿ.

ಪತ್ರ ಓದಲು ಪೂಜಿತಾ ಎಂಬ ಹುಡುಗಿಯನ್ನು ಕರೆಸಿದ್ದರು. ಕಾಲೇಜಿನಲ್ಲಿ ಓದುತ್ತಾಳೆ, ದನಿ ಚೆನ್ನಾಗಿದೆ. ವೇದಿಕೆಯ ಹಿನ್ನೆಲೆ ಬರಹವೂ ಅವಳದೇ ಕೈಯದಂತೆ, ಅಕ್ಷರವೂ ಚೆನ್ನಾಗಿದೆ. ಕಾರ್ಯಕ್ರಮ ಶುರುವಾಗುವ ಮೊದಲೇ ಅವಳು ಎಲ್ಲವನ್ನೂ ಒಮ್ಮೆ ಓದಿ ನೋಡಿದ್ದಳು. ನನ್ನ ಹತ್ತಿರ ಬಂದು, ಇಲ್ಲೊಂದು ಪದ ಬಿಟ್ಟುಹೋಗಿದೆ, ಏನು ಹೇಳಲಿ ಎಂದಳು. ನಾನು ಹೇಳಿದೆ. ಬರೆಯದ್ದನ್ನು ತಾನು ಓದುವುದಿಲ್ಲ ಎಂದಳು. ಅಧ್ಯಕ್ಷರ ಹತ್ತಿರ ವಾದಕ್ಕೆ ಹೊತ್ತಿರಲಿಲ್ಲ. ಹಾಗಾದರೆ ಅದೊಂದನ್ನು ನೀನೇ ಓದು ಎಂದು ಪ್ರೇಮಾನಂದಣ್ಣ ನನ್ನನ್ನು ಮೆಟ್ಟಿಲ ಹತ್ತಿರ ತಳ್ಳಿದರು.

ಮೈಕಿನ ಮುಂದೆ ನಿಂತದ್ದು ಜೀವಮಾನದಲ್ಲಿ ಇದೇ ಮೊದಲು. ಪಕ್ಕದ ಕುರ್ಚಿಯಲ್ಲಿ ಶಾಲು ಹೊದೆದು ಕುಷ್ಟಣ್ಣ ಕೂತಿದ್ದರು, ಮಡಿಲಿನಲ್ಲಿ ಹಣ್ಣಿನ ಬುಟ್ಟಿ. ಮುಂದಿನ ಸಾಲಿನಲ್ಲಿ ವನಜಕ್ಕ, ಹೊಸ ಸೀರೆ. ಓದಲು ತೊಡಗಿದೆ. ಮೊದಲ ಎರಡು ಸಾಲನ್ನು ಹಾಳೆಯಿಂದ ಕಣ್ಣೆತ್ತದೆ ಓದಿದೆ. ನಾನೇ ಬರೆದ ಮಾತು ಸಭೆಯ ಕೊನೆಯವರೆಗೆ ಹೋಗಿ ತಿರುಗಿ ನನ್ನ ಕಿವಿಗೆ ಬರುವಾಗ ಧೈರ್ಯ ಬಂತು. ಐವತ್ತು ವರ್ಷಗಳ, ಎಂದೆ. ಅಲ್ಲಿಗೆ ಹಾಳೆ ಬೆಳ್ಳಗಾಯಿತು. ಕುಷ್ಟಣ್ಣ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು.

ನಿಸ್ವಾರ್ಥ, ಎಂದೆ. ದನಿ ಒಂದಿಷ್ಟೂ ನಡುಗಲಿಲ್ಲ.

ಜೋರು ಚಪ್ಪಾಳೆ. ಇಷ್ಟು ವರ್ಷ ಸುಮ್ಮನೆ ಹೆದರಿಕೊಂಡಿದ್ದೆ. ಜನರ ಎದುರು ಮಾತಾಡುವುದು ಅಂಥ ಕಷ್ಟದ್ದೇನಲ್ಲ.

ಕೆಳಗಿಳಿದಾಗ ವನಜಕ್ಕ ಕಣ್ಣೊರೆಸಿಕೊಂಡು ನನ್ನ ತಲೆ ಸವರಿದರು. ಕುಷ್ಟಣ್ಣ ಫ್ರೇಮನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದೆ ನಿಂತಿದ್ದರು. "ಲಾಯ್ಕ್ ಓದ್ದೆ ಮಾಣಿ. ಬರೀದೆ ಇದ್ದದ್ದನ್ನೂ ಓದ್ದೆ" ಎಂದರು. ಊಟಕ್ಕೆ ನಿಲ್ಲಲಿಲ್ಲ. ಮಾತಿನಲ್ಲಿ ಕೊಂಕು ಇತ್ತೋ ಏನೋ. ವಯಸ್ಸಾದವರು.

ಜುಲೈ 29, ಮಂಗಳವಾರ

ಪ್ರೇಮಾನಂದಣ್ಣ ಅಂಗಡಿಗೆ ಕರೆಸಿ ಒಂದು ಕವರು ಕೊಟ್ಟರು. ಐದು ಸಾವಿರ. ದಾನಿಯೊಬ್ಬರು ಪತ್ರಗಳನ್ನು ತುಂಬಾ ಮೆಚ್ಚಿದರಂತೆ, ಬರೆದವರಿಗೂ ಅಕ್ಷರದವರಿಗೂ ಸೇರಿ ಎಂದು ಕೊಟ್ಟದ್ದಂತೆ. ಹಂಚುವುದು ನನಗೆ ಬಿಟ್ಟದ್ದು ಎಂದರು. ನವರಾತ್ರಿಯಿಂದ ಮುಂದಿನ ಕೆಲಸದ ಮಾತೂ ಪಕ್ಕಾ ಆಯಿತು. ಸಾಲಿಗ್ರಾಮದ ಒಂದು ಸಂಘ ಆಗಸ್ಟ್ ಕೊನೆಗೇ ಆರು ಪತ್ರ ಕೇಳಿದೆ.

ಕುಷ್ಟಣ್ಣನ ಮನೆಯ ಕಡೆ ಹೊರಟವನು ಅರ್ಧ ದಾರಿಯಲ್ಲಿ ನಿಂತು ಯೋಚಿಸಿದೆ. ಅಷ್ಟು ಜನರ ಎದುರು ನಿಸ್ವಾರ್ಥ ಎಂದು ಓದಿಸಿಕೊಂಡವರ ಕೈಗೆ ಎರಡು ದಿನದಲ್ಲಿ ದುಡ್ಡು ಇಟ್ಟರೆ ಆ ಸನ್ಮಾನಕ್ಕೇ ಅವಮಾನ. ಅವರಿಗೂ ಮುಜುಗರ. ಅಲ್ಲದೆ ಒಂದು ಹಾಳೆಯನ್ನು ಅವರು ಪೂರ್ತಿ ಮಾಡಿಕೊಡಲೂ ಇಲ್ಲ. ದೊಡ್ಡದೊಂದು ಕಾರ್ಯಕ್ರಮ ಬಂದಾಗ ನೋಡಿಕೊಂಡು ಏನಾದರೂ ಕೊಡಬಹುದು.

ಜುಲೈ 31, ಗುರುವಾರ

ಭಾವನಿಗೆ ಹೇಳುವ ದಿನ. ಈ ಸಲ ಅಕ್ಕನನ್ನು ನಡುವೆ ತರಲಿಲ್ಲ, ನಾನೇ ಬಂದರಿಗೆ ಹೋದೆ. ಭಾವನ ಬೋಟಿನ ಮೂತಿಯ ಮೇಲೆ ಹೆಸರು ಹೊಸದಾಗಿ ಹೊಳೆಯುತ್ತಿತ್ತು. ನಿನ್ನೆಯಷ್ಟೇ ಕುಷ್ಟಣ್ಣ ಬಂದು ಬರೆದು ಹೋದರಂತೆ. ನಾನು ಕವರು ತೆಗೆದು ತೋರಿಸಿದೆ. ಬರೆದು ದುಡಿದದ್ದು, ಇನ್ನು ವರ್ಷಪೂರ್ತಿ ಇದೆ, ನನ್ನ ಜಾಗ ಬೇರೆಯವರಿಗೆ ಕೊಡಿ ಎಂದೆ. ಒಂದು ತೊದಲೂ ಇಲ್ಲದೆ ಹೇಳಿದೆ.

ಭಾವ ನೋಟುಗಳನ್ನು ಮುಟ್ಟಲಿಲ್ಲ. "ಇದ್ರೊಳ್ಗೆ ಕುಷ್ಟಣ್ಣಂದ್ ಎಷ್ಟ್?" ಎಂದರು.

ಅವರಿಗೆ ಸನ್ಮಾನ ಆಯಿತಲ್ಲ ಎಂದೆ.

ಭಾವ ಆಚೆ ಹಗ್ಗ ಸುತ್ತುತ್ತಿದ್ದ ಬೋಟಿನ ಹುಡುಗ ಗುಡ್ಡನನ್ನು ಕೂಗಿ, ನಾಳೆಯಿಂದ ಅಡುಗೆ ನಿನ್ನದು ಎಂದರು. ಅದು ಮುಗಿದ ಮೇಲೆ ನನ್ನ ಕಡೆ ತಿರುಗಿದರು. "ಬೋಟಿನೊಳ್ಗೆ ನಿಂಗೆ ಸಣ್ಣ ಅಲೆಗೂ ಹೊಟ್ಟಿ ತೊಳಸ್ತಿತ್ತ್. ದಡದ್ ಮೇಲೆ ಎಂತ ಆದ್ರೂ ತೊಳಸುದಿಲ್ಲೆ ಅಲ್ದಾ?"

ಹೌದು ಭಾವ, ನನಗೆ ಒಗ್ಗುವುದು ದಡವೇ ಎಂದೆ. ಅವರು ಬೋಟು ಹತ್ತಿ ಒಳಗೆ ಹೋದರು. ಕೆಲಸದ ಗಡಿಬಿಡಿ.

ಅಮ್ಮನಿಗೆ ಮಂಡಿನೋವಿನ ಎಣ್ಣೆ ತಂದೆ. ಇದು ಬರೆದ ದುಡ್ಡಿನದು ಎಂದು ಹೇಳಿ ಕೊಟ್ಟೆ.

ಆಗಸ್ಟ್ 10, ಭಾನುವಾರ

ನಿನ್ನೆ ನೂಲ ಹುಣ್ಣಿಮೆ, ಸಮುದ್ರ ಪೂಜೆ. ಇವತ್ತು ಬಂದರಿನಲ್ಲಿ ಬೋಟುಗಳೇ ಇಲ್ಲ. ಮನೆ ಮನೆ ನಿಶ್ಶಬ್ದ. ಬರೆಯಲು ಒಳ್ಳೆಯ ಹೊತ್ತು. ಆದರೆ ಬರೆಯಲು ಕೂರುವ ಮೊದಲು ಓಡಾಟವೇ ಮುಗಿಯುವುದಿಲ್ಲ. ಒಂದು ಸಂಘದ ಕೆಲಸ ಹೊತ್ತವನಿಗೆ ಎಷ್ಟು ತಾಪತ್ರಯ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ.

ಸಾಲಿಗ್ರಾಮದ ಆರು ಹಾಳೆಗೆಂದು ಕುಷ್ಟಣ್ಣನ ಮನೆಗೆ ಹೋದೆ. ಅವರು ಮನೆಯಲ್ಲಿಲ್ಲ ಎಂದು ವನಜಕ್ಕ ಬಾಗಿಲಲ್ಲೇ ಹೇಳಿದರು. ಒಳಗೆ ಅವರ ಕೆಮ್ಮು ಕೇಳುತ್ತಿತ್ತು. ಹುಷಾರಿಲ್ಲವೇನೋ, ಪಾಪ. ವನಜಕ್ಕ ಈ ಸಲ ಕೂರು ಎನ್ನಲಿಲ್ಲ.

ಅಲ್ಲಿಂದ ಪೂಜಿತಾಗೆ ಫೋನು ಮಾಡಿದೆ. ನಮ್ಮ ಬಳಗದಿಂದ ನಿನಗೊಂದು ಒಳ್ಳೆಯ ಅವಕಾಶ ಇದೆ, ಆಮಂತ್ರಣದಲ್ಲಿ ಹೆಸರು ಬರುತ್ತದೆ, ನಾಲ್ಕು ಜನ ನೋಡುತ್ತಾರೆ ಎಂದು ವಿವರವಾಗಿ ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡು ಅವಳು, "ಹಾಳಿಗೆ ಎಷ್ಟ್ ಕೊಡ್ತ್ರಿ? ಮೊದ್ಲೇ ಬರ್ದ್ ಕೊಡಿ" ಎಂದಳು. ಕಾಂಬ, ಆಮೇಲೆ ಹೇಳುತ್ತೇನೆ ಎಂದು ಫೋನು ಇಟ್ಟೆ. ಕಲೆಯ ವಿಷಯದಲ್ಲಿ ಇಷ್ಟು ಬಾಯಿಬಿಟ್ಟು ದುಡ್ಡು ಕೇಳುವ ಕಾಲ ಬಂತು.

ಪ್ರೇಮಾನಂದಣ್ಣ ಇನ್ನೊಂದು ಹೆಸರು ಕೊಟ್ಟಿದ್ದಾರೆ. ಕೋಟದ ಕ್ಷಮಾ, ಗೋಮತಿಯಮ್ಮನ ಮೊಮ್ಮಗಳು. ಮುತ್ತಿನ ಹಾಗೆ ಬರೆಯುತ್ತಾಳಂತೆ. ಮನೆಗೆ ಯಾರು ಬಂದರೂ ಬಾಗಿಲ ಹಿಂದೆಯೇ ನಿಲ್ಲುವವಳಂತೆ, ಎದುರಿಗೆ ಬಂದು ಮಾತಾಡುವ ಸ್ವಭಾವವೇ ಅಲ್ಲವಂತೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ಬರುತ್ತೇನೆ.